ಲೋಡ್ ಆದ ಕೂಡಲೇ ಹೊರಡು ಅಂತಾರೆ, ಗಾಡಿ ಚೆಕ್ ಮಾಡೋದು ಯಾವಾಗ?

ಹತ್ತು ಚಕ್ರದ ಲಾರಿಗೆ ಹೊಸದಾಗಿ ಸೇರಿದ್ದೀರಿ, ನೆಲಮಂಗಲದಿಂದ ಮಂಗಳೂರಿಗೆ ಲೋಡ್, ಜೊತೆಗೆ ಕ್ಲೀನರ್ ಇಲ್ಲ, ಸೂಪರ್‌ವೈಸರ್ ಅವಸರ ಮಾಡುತ್ತಾರೆ ಅಂತ ಬರೆದಿದ್ದೀರಿ. ನಾನೂ ಇದೇ ರೂಟಿನಲ್ಲಿ ವರ್ಷಗಟ್ಟಲೆ ಓಡಿಸಿದವನು.

ಲೋಡ್ ಮುಗಿದ ಮೇಲೆ ಚೆಕ್ ಶುರು ಮಾಡಿದರೆ ಬೈಸಿಕೊಳ್ಳುವುದು ಖಂಡಿತ. ಗೋಡೌನ್ ಮುಂದೆ ಗಂಟೆಗಟ್ಟಲೆ ಸುಮ್ನೆ ಕಾಯುತ್ತೀವಿ ಅಲ್ವಾ? ಮುಕ್ಕಾಲು ಕೆಲಸ ಆಗಲೇ ಮುಗಿಯಬೇಕು. ಆಯಿಲ್, ಕೂಲೆಂಟ್, ಲೈಟು, ಸ್ಟೆಪ್ನಿ, ಜಾಕ್, ಬ್ರೇಕಿನ ಏರ್ ಟ್ಯಾಂಕಿನಲ್ಲಿ ಸೇರಿದ ನೀರು ಬಿಡುವುದು, ಇದಕ್ಕೆಲ್ಲ ಲೋಡ್ ಆಗಲೇಬೇಕು ಅಂತೇನಿಲ್ಲ.

ಜಾಸ್ತಿ ಮೋಸ ಮಾಡುವುದು ಹಿಂದಿನ ಜೋಡಿ ಟೈರು. ಒಳಗಿನದರಲ್ಲಿ ಗಾಳಿ ಇಳಿದಿದ್ದರೂ ಹೊರಗಿನದು ಭಾರ ಹೊತ್ತು ನಿಂತಿರುತ್ತದೆ, ಕಣ್ಣಿಗೆ ಏನೂ ಕಾಣಲ್ಲ. ವೀಲ್ ಸ್ಪ್ಯಾನರ್‌ನಿಂದ ಒಂದೊಂದಕ್ಕೂ ಹೊಡೆದು ನೋಡಿ. ಗಾಳಿ ಸರಿಯಿದ್ದರೆ ಸ್ಪ್ಯಾನರ್ ಪುಟಿಯುತ್ತದೆ, ಇಲ್ಲದಿದ್ದರೆ ಧಬ್ ಅಂತ ಸತ್ತ ಸದ್ದು. ಒಂದು ರಾತ್ರಿ ಓನರ್ ಫೋನ್ ಮೇಲೆ ಫೋನ್ ಮಾಡಿದರು ಅಂತ ನಾನು ಇದನ್ನು ಬಿಟ್ಟೆ. ಚನ್ನರಾಯಪಟ್ಟಣ ದಾಟುವ ಮೊದಲೇ ಒಳಗಿನ ಟೈರು ಸಿಡಿಯಿತು, ಮಡ್‌ಫ್ಲ್ಯಾಪ್ ಕಿತ್ತುಕೊಂಡು ಹೋಯಿತು. ಉಳಿಸಿದ್ದು ಐದು ನಿಮಿಷ, ರಸ್ತೆ ಪಕ್ಕ ಕಳೆದದ್ದು ನಾಲ್ಕು ಗಂಟೆ. ಬೈಗುಳವೂ ನನಗೇ ಬಿತ್ತು. ಟೈರು ಬದಲಿಸಿದ ಮೇಲೆ ಐವತ್ತು ಕಿಲೋಮೀಟರ್ ಹೋಗಿ ನಟ್ ಮತ್ತೊಮ್ಮೆ ಬಿಗಿ ಮಾಡಿ. ನಟ್ ಸುತ್ತ ತುಕ್ಕು ಇಳಿದ ಗೆರೆ ಕಂಡರೆ ಅದು ಸಡಿಲ ಆಗಿರಬಹುದು.

ಲೋಡ್ ಆದ ಮೇಲೆ ಉಳಿಯುವುದು ಟಾರ್ಪಾಲು, ಹಗ್ಗ, ಏರ್, ತೂಕ. ಬ್ರೇಕಿನ ಏರ್ ಟ್ಯಾಂಕಿಗೆ ಗಾಳಿ ಪೂರ್ತಿ ತುಂಬಿದ ಮೇಲೆ ಎಂಜಿನ್ ಆಫ್ ಮಾಡಿ, ಬ್ರೇಕ್ ಪೆಡಲ್ ಒಂದು ನಿಮಿಷ ಒತ್ತಿ ಹಿಡಿದು ಮೀಟರಿನ ಮುಳ್ಳು ನೋಡಿ. ಮುಳ್ಳು ಇಳಿಯುತ್ತಲೇ ಹೋದರೆ ಎಲ್ಲೋ ಲೀಕ್ ಇದೆ. ಆ ಗಾಡಿಯನ್ನು ಶಿರಾಡಿ ಘಾಟಿಗೆ ಇಳಿಸಬೇಡಿ, ಯಾರು ಏನೇ ಹೇಳಲಿ. ತೂಕದ್ದೂ ಅಷ್ಟೇ. ಹತ್ತು ಚಕ್ರಕ್ಕೆ ಗಾಡಿ ಸೇರಿ 28.5 ಟನ್. ಮೀರಿದರೆ ದಂಡ 20,000 ರೂಪಾಯಿ, ಮೇಲೆ ಟನ್ನಿಗೆ 2,000.

ಇನ್ನು ಅವಸರದ ವಿಷಯ. ಇ-ವೇ ಬಿಲ್ (ಸರಕು ಸಾಗಿಸಲು ಬೇಕಾದ ಜಿಎಸ್‌ಟಿ ಆನ್‌ಲೈನ್ ದಾಖಲೆ) ಅವಧಿ ಮುಗಿದು ಹೋಗುತ್ತದೆ ಅಂತ ಹೆದರಿಸುತ್ತಾರೆ. 2021ರಿಂದ 200 ಕಿಲೋಮೀಟರಿಗೆ ಒಂದು ದಿನ. ಮಂಗಳೂರು ಸುಮಾರು 350, ಅಂದರೆ ಎರಡು ದಿನ ಸಿಗುತ್ತದೆ. ದಾರಿಯಲ್ಲಿ ಗಾಡಿ ಕೆಟ್ಟರೆ ಅವಧಿ ಮುಗಿಯುವ ಎಂಟು ಗಂಟೆ ಮೊದಲಿಂದ ಎಂಟು ಗಂಟೆ ನಂತರದವರೆಗೂ ವಿಸ್ತರಿಸಬಹುದು. ಬಂದರಿಗೆ ಹೋಗುವ ಕಂಟೇನರ್ ಆದರೆ ಮಾತು ಬೇರೆ, ಅಲ್ಲಿ ಗೇಟ್ ಮುಚ್ಚುವ ಟೈಮ್ ನಿಜವಾದದ್ದು. ಅಂಥ ದಿನ ಗೋಡೌನಿಗೇ ಒಂದು ಗಂಟೆ ಮೊದಲು ಹೋಗಿ.

ಸೂಪರ್‌ವೈಸರಿಗೆ "ಚೆಕ್ ಮಾಡ್ಬೇಕು ಸಾರ್" ಅಂದರೆ ಸೋಮಾರಿತನ ಅಂದುಕೊಳ್ಳುತ್ತಾರೆ. "ಎಡಗಡೆ ಒಳಗಿನ ಟೈರಲ್ಲಿ ಗಾಳಿ ಇಲ್ಲ, ಇಪ್ಪತ್ತು ನಿಮಿಷ ಬೇಕು" ಅಂತ ಫೋಟೋ ಸಮೇತ ವಾಟ್ಸಾಪ್ ಮಾಡಿ. ಮೆಸೇಜು ಉಳಿಯುತ್ತದೆ. ಅದನ್ನು ನೋಡಿಯೂ "ಹಂಗೇ ಹೋಗು" ಅಂತ ಬರೆದು ಕಳಿಸುವವರು ಕಡಿಮೆ. ಫೋನಲ್ಲಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ!

ಕ್ಲೀನರ್ ಇಲ್ಲದೆ ಬ್ರೇಕ್ ಲೈಟ್ ನೋಡೋದು ಹೇಗೆ ಅಂದಿರಿ. ಕತ್ತಲಾದ ಮೇಲೆ ಗಾಡಿಯ ಹಿಂಭಾಗ ಗೋಡೆ ಹತ್ತಿರ ಬರುವಂತೆ ನಿಲ್ಲಿಸಿ ಪೆಡಲ್ ಒತ್ತಿ. ಎರಡೂ ಕನ್ನಡಿಯಲ್ಲಿ ಗೋಡೆ ಕೆಂಪಗಾದರೆ ಸರಿಯಿದೆ.