ಆಶ್-ಎ-ರೆಷ್ತೆ: ಕಹಿ ಯಾಕೆ ಬಂತು, ಮೊಸರು ಯಾಕೆ ಒಡೀತು

ಇರಾನಿನ ಆಶ್-ಎ-ರೆಷ್ತೆ (ಸೊಪ್ಪು, ಕಾಳು, ನೂಡಲ್ಸ್ ಹಾಕಿದ ಗಟ್ಟಿ ಸೂಪ್) ಮಾಡಿದ್ರೆ ಕಹಿ ಬಂತು, ಉಪ್ಪು ಮುಂದಾಯ್ತು, ಕೊನೆಗೆ ಹಾಕಿದ ಮೊಸರು ಒಡೀತು ಅಂತ ಸಾಮಾನಿನ ಪಟ್ಟಿ, ಫೋಟೊ ಸಮೇತ ಬರೆದಿದ್ದೀರಿ. ಮೂರಕ್ಕೂ ಕಾರಣ ಬೇರೆ ಬೇರೆ. ಅಡುಗೆಯ ಕ್ರಮದಲ್ಲೇ ಹೇಳ್ತೀನಿ. ಅಳತೆ 6 ಜನಕ್ಕೆ.

ಕಾಬೂಲಿ ಕಡಲೆ 100 ಗ್ರಾಂ, ರಾಜ್ಮಾ 100 ಗ್ರಾಂ ರಾತ್ರಿಯೇ ಬೇರೆ ಬೇರೆ ನೆನೆಹಾಕಿ. ಬೆಳಿಗ್ಗೆ ನೀರು ಚೆಲ್ಲಿ, ಹೊಸ ನೀರಲ್ಲಿ ಉಪ್ಪಿಲ್ಲದೆ ಕುಕ್ಕರಿನಲ್ಲಿ 5 ವಿಸಿಲ್, ಆಮೇಲೆ ಸಣ್ಣ ಉರಿಯಲ್ಲಿ 10 ನಿಮಿಷ. ಬೆರಳಲ್ಲಿ ಒತ್ತಿದ್ರೆ ಹಿಸುಕಿ ಹೋಗಬೇಕು. ಹಳೇ ಕಾಳಾದ್ರೆ ಇನ್ನೂ 2-3 ವಿಸಿಲ್ ಬೇಕಾಗುತ್ತೆ. ಸ್ಲೋ ಕುಕ್ಕರ್ ಇರೋರು ಹಸಿ ರಾಜ್ಮಾವನ್ನು ನೇರ ಅದಕ್ಕೆ ಹಾಕಬೇಡಿ. ಅದರಲ್ಲಿರೋ ವಿಷದಂಶ ಕನಿಷ್ಠ 10 ನಿಮಿಷ ಕೊತಕೊತ ಕುದಿದ್ರೆ ಮಾತ್ರ ಹೋಗುತ್ತೆ, ಅಷ್ಟು ಶಾಖ ಸ್ಲೋ ಕುಕ್ಕರಿನಲ್ಲಿ ಬರಲ್ಲ.

ದಪ್ಪ ತಳದ ಪಾತ್ರೆಯಲ್ಲಿ ಅರ್ಧ ಕಪ್ ಎಣ್ಣೆ, ಉದ್ದುದ್ದ ಹೆಚ್ಚಿದ 4 ದೊಡ್ಡ ಈರುಳ್ಳಿ. ಕಂದು ಬಣ್ಣ ಬರೋಕೆ 25 ನಿಮಿಷವಾದ್ರೂ ಹಿಡಿಯುತ್ತೆ, ಅವಸರ ಬೇಡ. ಮೂರನೇ ಒಂದು ಭಾಗ ಮೇಲೆ ಹಾಕೋಕೆ ತೆಗೆದಿಡಿ. ಉಳಿದದ್ದಕ್ಕೆ ಜಜ್ಜಿದ ಬೆಳ್ಳುಳ್ಳಿ 6 ಎಸಳು, ಅರಿಸಿನ ಒಂದೂವರೆ ಟೀ ಚಮಚ. ಇದಕ್ಕೆ ಬೆಂದ ಕಾಳು, 100 ಗ್ರಾಂ ಇಡೀ ಮಸೂರ್, ಕಾಳಿನ ಕಟ್ಟೂ ಸೇರಿ ಎರಡೂವರೆ ಲೀಟರ್ ನೀರು. 20 ನಿಮಿಷ ಕುದಿಯಲಿ.

ಈಗ ಸೊಪ್ಪು. ಪಾಲಕ್ 400 ಗ್ರಾಂ, ಈರುಳ್ಳಿ ಸೊಪ್ಪಿನ ಹಸಿರು ಭಾಗ 200, ಕೊತ್ತಂಬರಿ 150, ಪಾರ್ಸ್ಲಿ 150. ಪಾರ್ಸ್ಲಿ ಸಿಗದಿದ್ರೆ ಕೊತ್ತಂಬರಿಯನ್ನೇ ಹೆಚ್ಚು ಮಾಡಿ, ಒಂದು ಹಿಡಿ ಸಬ್ಬಸಿಗೆ ಸೇರಿಸಿ. ಅಲ್ಲೂ ಕೆಲವು ಮನೆಗಳಲ್ಲಿ ಸಬ್ಬಸಿಗೆ ಹಾಕ್ತಾರೆ. ನಿಮ್ಮ ಪಟ್ಟಿಯಲ್ಲಿ ಎರಡು ಕಟ್ಟು ಮೆಂತ್ಯ ಇದೆಯಲ್ಲ, ಕಹಿಗೆ ಒಂದು ಕಾರಣ ಅದೇ. ಮೆಂತ್ಯ ಮುಖ್ಯವಾಗಿ ಘೋರ್ಮೆ ಸಬ್ಜಿಗೆ (ಇರಾನಿನ ಇನ್ನೊಂದು ಸೊಪ್ಪಿನ ಅಡುಗೆ) ಸೇರಿದ್ದು, ಇದಕ್ಕೆ ಅಷ್ಟು ಬೇಡ. ಸೊಪ್ಪು ತೊಳೆದು ನೀರು ಆರಿದ ಮೇಲೆ ಚಾಕುವಿನಲ್ಲೇ ಹೆಚ್ಚಿ. ಮಿಕ್ಸಿಗೆ ಹಾಕಿದ್ರೆ ಪಾಲಕ್ ಸೂಪ್ ಆಗುತ್ತೆ ಅಷ್ಟೆ. ಸಣ್ಣ ಉರಿಯಲ್ಲಿ 45 ನಿಮಿಷ ಬಿಡಿ. ಎಲೆ ಹಸಿರು ಮಾಸಿ ಗಾಢವಾಗುತ್ತೆ, ಅದು ಕೆಟ್ಟಿದ್ದಲ್ಲ, ಹಾಗೇ ಇರಬೇಕು.

ರೆಷ್ತೆ, ಅಂದ್ರೆ ಇರಾನಿನ ಚಪ್ಪಟೆ ನೂಡಲ್ಸ್, 200 ಗ್ರಾಂ, ಎರಡು ತುಂಡು ಮಾಡಿ ಹಾಕಿ. ತೊಳೀಬೇಡಿ, ಬೇರೆ ನೀರಲ್ಲಿ ಬೇಯಿಸಿ ಬಸಿಯೋದೂ ಬೇಡ. ಅದಕ್ಕೆ ಮೆತ್ತಿಕೊಂಡಿರೋ ಹಿಟ್ಟೇ ಆಶ್ ಗಟ್ಟಿ ಮಾಡೋದು. ಇದರಲ್ಲೇ ಸಾಕಷ್ಟು ಉಪ್ಪಿರುತ್ತೆ. ನೀವು ಮೊದಲೇ ಹದಕ್ಕೆ ಉಪ್ಪು ಹಾಕಿದ್ರಿಂದ ಮುಂದಾಯ್ತು. ರೆಷ್ತೆ ಬೆಂದು, ಕಶ್ಕ್ (ಮೊಸರಿನಿಂದ ಮಾಡೋದು, ಮುಂದೆ ಹೇಳ್ತೀನಿ) ಅಥವಾ ಮೊಸರು ಬೆರೆತ ಮೇಲೆ ರುಚಿ ನೋಡಿ, ಬೇಕಾದ್ರೆ ಮಾತ್ರ ಹಾಕಿ. ರೆಷ್ತೆ ಸಿಗದಿದ್ರೆ ಲಿಂಗ್ವೀನಿ (ಚಪ್ಪಟೆ ಎಳೆಯ ಪಾಸ್ತಾ) ಆಗುತ್ತೆ, ಜೊತೆಗೆ ಒಂದು ಚಮಚ ಮೈದಾ ನೀರಲ್ಲಿ ಕಲಸಿ ಹಾಕಿ. ಶಾವಿಗೆ ಬೇಡ, ಕರಗಿ ಗಂಜಿಯಾಗುತ್ತೆ. 15 ನಿಮಿಷ, ನಡುನಡುವೆ ತಳ ಕೆದಕುತ್ತಿರಿ, ಸೀಯೋದು ಈ ಹಂತದಲ್ಲೇ. ಕಾಳು, ಸೊಪ್ಪು, ನೀರು ಬೇರೆ ಬೇರೆ ಕಾಣದೆ ಒಂದಾಗಿ, ಸೌಟಿನಿಂದ ಸುರಿದ್ರೆ ನಿಧಾನ ಇಳೀಬೇಕು. ಇದಕ್ಕೆ ಇರಾನಿನವರು 'ಜಾ ಒಫ್ತಾದೆ' ಅಂತಾರೆ, ಹದಕ್ಕೆ ಕೂತಿದೆ ಅಂತ. (ಅವರ ಫಾರ್ಸಿ ಭಾಷೆಯಲ್ಲಿ ಅಡುಗೆಯವನಿಗೆ 'ಆಶ್‌ಪಜ್', ಅಂದ್ರೆ ಆಶ್ ಬೇಯಿಸುವವನು ಅಂತಲೇ ಹೆಸರು.)

ಕಶ್ಕ್ ಅನ್ನೋದು ಮೊಸರನ್ನು ಕುದಿಸಿ, ಬಸಿದು ಮಾಡಿದ್ದು, ಹಾಗಾಗಿ ಬಿಸಿ ತಡೆಯುತ್ತೆ. ನಮ್ಮ ಮೊಸರು ತಡೆಯಲ್ಲ. ಕಶ್ಕ್ ಸಿಗದಿದ್ರೆ 300 ಗ್ರಾಂ ಮೊಸರು ಬಟ್ಟೆಯಲ್ಲಿ 4 ಗಂಟೆ ಕಟ್ಟಿ, ಉಪ್ಪು ಹಾಕಿ ಕಡೀರಿ. ಒಲೆ ಆರಿಸಿ 5 ನಿಮಿಷ ಬಿಟ್ಟು, ಎರಡು ಸೌಟು ಬಿಸಿ ಆಶ್ ಅನ್ನು ಮೊಸರಿಗೆ ಬೆರೆಸಿ, ಆಮೇಲೆ ಅದನ್ನು ಪಾತ್ರೆಗೆ. ಮತ್ತೆ ಕುದಿಸಿದ್ರೆ ಒಡೆಯೋದು ಖಂಡಿತ.

ಕೊನೆಗೆ ನಾನಾ ದಾಗ್, ಅಂದ್ರೆ ಪುದೀನ ಒಗ್ಗರಣೆ. ಫೋಟೊದಲ್ಲಿ ಪುದೀನ ಕಪ್ಪಗಿದೆ, ಕಹಿಗೆ ಎರಡನೇ ಕಾರಣ ಇದು. ನಮ್ಮ ಒಗ್ಗರಣೆ ಥರ ಉರಿ ಮೇಲೆ ಚಟಪಟ ಅನ್ನಿಸಬಾರದು. 3 ಚಮಚ ಎಣ್ಣೆ ಬಿಸಿ ಮಾಡಿ, ಬಾಣಲೆ ಇಳಿಸಿ, ಅರ್ಧ ನಿಮಿಷ ಬಿಟ್ಟು 2 ದೊಡ್ಡ ಚಮಚ ಒಣ ಪುದೀನ ಪುಡಿ ಹಾಕಿ. ಘಮ ಬಂದ ಕೂಡಲೇ, 10-15 ಸೆಕೆಂಡಿನಲ್ಲಿ, ಆಶ್ ಮೇಲೆ ಸುರಿದುಬಿಡಿ. ಹಸಿ ಪುದೀನ ಆಗಲ್ಲ. ತೆಗೆದಿಟ್ಟ ಈರುಳ್ಳಿ, ಸ್ವಲ್ಪ ಕಶ್ಕ್ ಅಥವಾ ಮೊಸರು ಮೇಲೆ ಹರಡಿ ಬಡಿಸಿ.

ಉಳಿದದ್ದು ಮಾರನೇ ದಿನ ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ಕಾಯಿಸಿ. ಮೊಸರು ಬೆರೆಸಿದ್ರೆ ಕುದಿ ಬರಿಸಬೇಡಿ. ಫ್ರೀಜರಿಗೆ ಇಡೋದಾದ್ರೆ ರೆಷ್ತೆ ಹಾಕೋ ಮೊದಲೇ ತೆಗೆದಿಡಿ.