ಸೀಲಿಯಾಕ್ ಕಾಯಿಲೆ ನಾಟಿ ಔಷಧಿಯಿಂದ ವಾಸಿಯಾಗುತ್ತಾ?

ಚಪಾತಿ ತಿಂದರೆ ಹೊಟ್ಟೆ ಉಬ್ಬರ, ಭೇದಿ. ಡಾಕ್ಟರು ಸೀಲಿಯಾಕ್ ಇರಬಹುದು ಅಂದಿದ್ದಾರೆ. ಟೆಸ್ಟು ಗಿಸ್ಟು ಬಿಟ್ಟು ಪಥ್ಯ ಮತ್ತು ಆಯುರ್ವೇದದಲ್ಲೇ ನೋಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನನಗೂ ಇದೇ ಕಾಯಿಲೆ. ಈಗ ಆರಾಮಾಗಿದ್ದೇನೆ, ಆದರೆ ಅದು ಪಥ್ಯದಿಂದ, ಔಷಧಿಯಿಂದಲ್ಲ.

ಟೆಸ್ಟ್ ಮುಗಿಯುವ ತನಕ ಗೋಧಿ ಬಿಡಬೇಡಿ. ಟಿಟಿಜಿ ಎಂಬ ರಕ್ತಪರೀಕ್ಷೆಯಾಗಲಿ, ಎಂಡೋಸ್ಕೋಪಿಯಾಗಲಿ, ಗೋಧಿ ತಿನ್ನುತ್ತಿದ್ದರೆ ಮಾತ್ರ ಸರಿಯಾಗಿ ಹೇಳುತ್ತವೆ. ಮೊದಲೇ ಬಿಟ್ಟರೆ ರಿಪೋರ್ಟ್ ನಾರ್ಮಲ್ ಬರಬಹುದು. ಆಮೇಲೆ ಪರೀಕ್ಷೆಗೋಸ್ಕರ ಮತ್ತೆ ವಾರಗಟ್ಟಲೆ ಗೋಧಿ ತಿಂದು ನರಳಬೇಕು.

ಇದು ಬರೀ ಅಜೀರ್ಣ ಅಲ್ಲ. ಗೋಧಿ, ಜವೆಗೋಧಿ (ಬಾರ್ಲಿ), ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಳಗೆ ಹೋದರೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ನನ್ನಲ್ಲಿ ಮೊದಲು ಕಂಡಿದ್ದು ರಕ್ತಹೀನತೆ. ಐರನ್ ಮಾತ್ರೆ ನುಂಗಿದ್ದೇ ಬಂತು, ಹಿಮೋಗ್ಲೋಬಿನ್ ಏರಲಿಲ್ಲ. ಈ ಕಾಯಿಲೆಗೆ ಗೋಧಿಯೇ ಕಾರಣ ಎಂದು ನೆದರ್ಲೆಂಡ್ಸ್‌ನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ 1950ರ ತಮ್ಮ ಪ್ರಬಂಧದಲ್ಲಿ ತೋರಿಸಿದರು. ಇವತ್ತಿಗೂ ಇದಕ್ಕೆ ಮದ್ದು ಗ್ಲುಟೆನ್ ಇರುವ ಈ ಧಾನ್ಯಗಳನ್ನು ಬಿಡುವುದೊಂದೇ, ಅದೂ ಜೀವನಪೂರ್ತಿ.

ನಮ್ಮ ಕಡೆಯವರಿಗೆ ಇದು ಅಷ್ಟು ಕಷ್ಟವಲ್ಲ ಬಿಡಿ. ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ನೀರುದೋಸೆ, ಅವಲಕ್ಕಿ, ನವಣೆ ಅನ್ನ ಎಲ್ಲಾ ನಡೆಯುತ್ತವೆ. ಕಷ್ಟ ಇರುವುದು ಕಣ್ಣಿಗೆ ಕಾಣದ ಗೋಧಿಯಲ್ಲಿ. ಅಂಗಡಿಯ ಡಬ್ಬಿ ಇಂಗಿನಲ್ಲಿ ಹಲವು ಸಲ ಗೋಧಿಹಿಟ್ಟು ಬೆರೆಸಿರುತ್ತಾರೆ. ಅದೇ ಇಂಗು ಸಾರಿನಪುಡಿಗೂ ಉಪ್ಪಿನಕಾಯಿಗೂ ಹೋಗುತ್ತದೆ. ಹಿಟ್ಟಿನ ಗಿರಣಿಯಲ್ಲಿ ನಿಮಗಿಂತ ಮುಂಚೆ ಯಾರಾದರೂ ಗೋಧಿ ಬೀಸಿಸಿದ್ದರೆ ನಿಮ್ಮ ರಾಗಿ ಕೆಟ್ಟಹಾಗೆಯೇ. ನಾವು ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಂಡೆವು, ದುಡ್ಡು ಹೋದರೂ ತಲೆನೋವು ತಪ್ಪಿತು. ಗೋಬಿ ಮಂಚೂರಿಯ ಮೈದಾ ಬಿಟ್ಟರೂ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ. ಕೋಡುಬಳೆ, ರವೆ ಇಡ್ಲಿ, ಗೋಧಿ ಅಥವಾ ಬಾರ್ಲಿಯ ಮಾಲ್ಟ್ ಪುಡಿಗಳನ್ನು ಮರೆತುಬಿಡಿ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯವೂ ಗೋಧಿ ರವೆಯದೇ. ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡುತ್ತೇನೆ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ, ಅತ್ತೆಯವರಿಗೆ ಮಾತ್ರ ಸ್ವಲ್ಪ ವಿವರಿಸಬೇಕಾಗುತ್ತದೆ.

ಇನ್ನು ಮನೆಮದ್ದು. ಜೀರಿಗೆ ಕಷಾಯ, ಶುಂಠಿ, ದೊಡ್ಡಪತ್ರೆ ತಂಬುಳಿ ನಾನೂ ತೆಗೆದುಕೊಳ್ಳುತ್ತೇನೆ, ಹೊಟ್ಟೆಗೆ ಹಿತವೆನಿಸುತ್ತದೆ. ಆದರೆ ಕಷಾಯ ಕುಡಿದು ಚಪಾತಿ ತಿನ್ನಬಹುದು ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕರುಳಿನ ಪದರ ಹಾಳಾಗಿದ್ದಾಗ ಹಾಲೂ ಅರಗದೆ ಇರಬಹುದು. ಗೋಧಿ ಬಿಟ್ಟು ಕೆಲವು ತಿಂಗಳಾದ ಮೇಲೆ ಬಹಳ ಜನರಿಗೆ ಮತ್ತೆ ಹಾಲು ಒಗ್ಗುತ್ತದೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಬಿಟ್ಟು ಸೊರಗಬೇಡಿ. ಚೂರ್ಣ, ಲೇಹ್ಯ ಏನೇ ತಂದರೂ ಡಬ್ಬಿಯ ಮೇಲೆ ಗೋಧೂಮ (ಗೋಧಿ) ಅಥವಾ ಯವ (ಜವೆಗೋಧಿ) ಅಂತ ಇದೆಯಾ ನೋಡಿ. ಗೋಧಿ ಹುಲ್ಲಿನ ರಸವನ್ನಂತೂ ನೆಂಟರು ಬಿಡದೆ ಹೇಳುತ್ತಾರೆ. ಹುಲ್ಲಿನ ಜೊತೆ ಕಾಳು ಸೇರಿದ್ದರೆ ಗತಿ ಏನು? ನಾನು ಮುಟ್ಟುವುದಿಲ್ಲ.

ಕಾಯಿಲೆ ಖಚಿತವಾದರೆ ಬಿ12, ವಿಟಮಿನ್ ಡಿ, ಥೈರಾಯ್ಡ್ ಕೂಡ ನೋಡಿಸಿ. ನಿಮ್ಮ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಬರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚು. ಹೊಟ್ಟೆನೋವು ಇಲ್ಲದಿದ್ದರೂ ಅವರಿಗೆ ಒಂದು ಸಲ ಟಿಟಿಜಿ ಮಾಡಿಸಿ.