ನಿಯಮ ಬಿಗಿಯಾದರೆ ಉತ್ಪಾದಕತೆ ಹೆಚ್ಚೀತೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ನಿಕಲ್ ಪ್ಲೇಟಿಂಗ್ ಘಟಕವಿದೆ. ತ್ಯಾಜ್ಯನೀರಿನ ಶುದ್ಧೀಕರಣಕ್ಕೆ ಹಾಕಿದ ಹಣದಲ್ಲಿ ಹೊಸ ಯಂತ್ರವನ್ನೇ ಕೊಳ್ಳಬಹುದಿತ್ತು. ಆದರೂ ಪರಿಸರ ನಿಯಮಗಳಿಂದ ನಗರದ ಕೈಗಾರಿಕೆಗಳ ‘ಹಸಿರು ಉತ್ಪಾದಕತೆ’ ಏರುತ್ತದೆ ಎಂದು ಓದುತ್ತೇನೆ. ಇದು ಹೇಗೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಲೆಕ್ಕ ತಪ್ಪಲ್ಲ. ಶುದ್ಧೀಕರಣ ಘಟಕ ಒಂದು ಬೋಲ್ಟನ್ನೂ ಹೆಚ್ಚಿಗೆ ತಯಾರಿಸುವುದಿಲ್ಲವಾದ್ದರಿಂದ, ಬಂಡವಾಳ, ದುಡಿಮೆ ಮತ್ತು ಕಚ್ಚಾವಸ್ತುವಿಗೆ ಎಷ್ಟು ಮಾಲು ಬಂತೆಂದು ನೋಡುವ ಸಾಮಾನ್ಯ ಅಳತೆಯಲ್ಲಿ ನಿಮ್ಮ ಉತ್ಪಾದಕತೆ ಕುಗ್ಗಿದಂತೆಯೇ ಕಾಣುತ್ತದೆ. ಹಸಿರು ಉತ್ಪಾದಕತೆಯ ಅಳತೆ ಕೊಳಕು ನೀರು ಮತ್ತು ಸ್ಲಡ್ಜನ್ನೂ (ಶುದ್ಧೀಕರಣದಲ್ಲಿ ಉಳಿಯುವ ಕೆಸರು) ಬೇಡದ ಉತ್ಪನ್ನಗಳೆಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಷ್ಟೇ ಮಾಲನ್ನು ಕಡಿಮೆ ಕೊಳಕಿನಲ್ಲಿ ಕೊಟ್ಟರೆ ಅದು ಏರಿಕೆ. ಪೀಣ್ಯದ ಅಂತರ್ಜಲಕ್ಕೆ ಕ್ರೋಮಿಯಂ ಸೇರಿದಾಗ ಅದರ ನಷ್ಟ ಯಾವ ಕಾರ್ಖಾನೆಯ ಖಾತೆಯಲ್ಲೂ ಬರೆಯಲ್ಪಡಲಿಲ್ಲ, ಕೊಳವೆಬಾವಿಯ ನೀರನ್ನು ನಂಬಿದವರು ಅದನ್ನು ಹೊತ್ತರು.

ಅಳತೆ ಬದಲಾದ ಮಾತ್ರಕ್ಕೆ ನಿಮ್ಮ ಗಲ್ಲಾಪೆಟ್ಟಿಗೆ ತುಂಬುವುದಿಲ್ಲ, ನಿಜ. ಸರಿಯಾಗಿ ರೂಪಿಸಿದ ಕಟ್ಟುನಿಟ್ಟಿನ ನಿಯಮವು ಉದ್ಯಮವನ್ನು ಹೊಸ ದಾರಿ ಹುಡುಕುವಂತೆ ಮಾಡಿ, ಖರ್ಚಿನ ಒಂದು ಭಾಗವನ್ನೋ ಎಲ್ಲವನ್ನೋ ಮರಳಿ ಗಳಿಸಿಕೊಡಬಲ್ಲದೆಂದು ಹಾರ್ವರ್ಡ್‌ನ ಪ್ರಾಧ್ಯಾಪಕ ಮೈಕೆಲ್ ಪೋರ್ಟರ್ 1991ರಲ್ಲಿ ವಾದಿಸಿದರು. ಅಂಥ ಉಳಿತಾಯ ಇದ್ದಿದ್ದರೆ ಮಾಲೀಕರು ನಿಯಮ ಬರುವವರೆಗೆ ಕಾಯುತ್ತಿದ್ದರೇ ಎಂದು ಕೆಲವು ಅರ್ಥಶಾಸ್ತ್ರಜ್ಞರು ಕೇಳಿದರು. ನನ್ನ ದೃಷ್ಟಿಯಲ್ಲಿ ಉತ್ತರ ನಿಮ್ಮ ತೊಳೆಯುವ ಟ್ಯಾಂಕಿನಲ್ಲೇ ಇದೆ.

ಬಾತ್‌ನಿಂದ, ಅಂದರೆ ನಿಕಲ್ ಲೇಪಿಸುವ ದ್ರಾವಣದ ತೊಟ್ಟಿಯಿಂದ, ಎತ್ತಿದ ಮಾಲಿಗೆ ನಿಕಲ್ ದ್ರಾವಣ ಅಂಟಿಕೊಂಡು ಬರುತ್ತದೆ. ಹಾಗೆ ಬಂದ 1 ಲೀಟರ್ ದ್ರಾವಣವನ್ನು ಸಾವಿರ ಪಟ್ಟು ತೆಳುವಾಗಿಸಲು ಒಂದೇ ಟ್ಯಾಂಕಿನಲ್ಲಿ ಸುಮಾರು 1000 ಲೀಟರ್ ನೀರು ಹರಿಯಬೇಕು. ಎರಡು ಟ್ಯಾಂಕುಗಳನ್ನು ಜೋಡಿಸಿ, ಮಾಲು ಒಂದು ದಿಕ್ಕಿಗೂ ನೀರು ಅದರ ಎದುರು ದಿಕ್ಕಿಗೂ ಸಾಗುವಂತೆ ಮಾಡಿದರೆ ಸುಮಾರು 32 ಲೀಟರ್ ಸಾಕು, ಮೂರಾದರೆ ಸುಮಾರು 10. ಬಿಸಿ ಬಾತ್‌ನಲ್ಲಿ ಆವಿಯಾದ ನೀರಿನ ಜಾಗಕ್ಕೆ ಮೊದಲ ಟ್ಯಾಂಕಿನ ನೀರನ್ನೇ, ಅದರಲ್ಲಿ ಕೊಳೆ ಕಟ್ಟದಂತೆ ನೋಡಿಕೊಂಡು, ತುಂಬಿದರೆ ನಿಕಲ್ ಕೂಡ ಮರಳುತ್ತದೆ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಊರಿನಲ್ಲಿ ಇದು ಸಣ್ಣ ಉಳಿತಾಯವಲ್ಲ. ಆರ್ಡರ್ ಮುಗಿಸುವ ಧಾವಂತದಲ್ಲಿರುವ ಸಣ್ಣ ಘಟಕಕ್ಕೆ ಇದನ್ನು ಯೋಚಿಸಲು ಪುರುಸೊತ್ತು ಸಿಗುವುದು ಹೆಚ್ಚಾಗಿ ನೋಟಿಸು ಬಂದ ಮೇಲೆಯೇ.

ಆದರೆ ಎಲ್ಲ ನಿಯಮಗಳೂ ಈ ಕಡೆಗೆ ತಳ್ಳುವುದಿಲ್ಲ. ಪೈಪಿನ ಕೊನೆಯಲ್ಲಿ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದಷ್ಟೇ ನೋಡಿದರೆ, ನೀರು ಉಳಿಸಿದವನ ತ್ಯಾಜ್ಯ ಗಾಢವಾಗಿ ಅವನೇ ತಪ್ಪಿತಸ್ಥನಾಗುತ್ತಾನೆ. ಒಟ್ಟು ಎಷ್ಟು ಲೋಹ ಹೊರಹೋಯಿತು ಎಂಬುದನ್ನೂ ನೋಡಬೇಕು. ಸಣ್ಣ ಘಟಕಗಳಿಗೆ ಸಾಮೂಹಿಕ ಶುದ್ಧೀಕರಣದ ವ್ಯವಸ್ಥೆ ಬೇಕೇ ಬೇಕು. ಇಲ್ಲವಾದರೆ ಅವು ನಗರದ ಹೊರಗಿನ ಹಳ್ಳಿಗಳಿಗೆ ಸರಿದು, ನಗರದ ಅಂಕಿಅಂಶ ಮಾತ್ರ ಹಸಿರಾಗುತ್ತದೆ. ಬರೀ ಮುಚ್ಚಿಸುವುದರ ಮಿತಿಯನ್ನು ಬೆಳ್ಳಂದೂರಿನಲ್ಲಿ ಕಂಡಿದ್ದೇವೆ. 2017ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತಲಿನ ಕಾರ್ಖಾನೆಗಳನ್ನು ಮುಚ್ಚಲು ಆದೇಶಿಸಿತಾದರೂ ಕೆರೆಗೆ ಸೇರುತ್ತಿದ್ದುದರಲ್ಲಿ ಬಹುಪಾಲು ನಗರದ ಕೊಳಚೆಯೇ ಆಗಿತ್ತು.

ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರವನ್ನು ನವೀಕರಿಸುವ ಮುನ್ನ ಒಂದು ತಿಂಗಳು ಟ್ಯಾಂಕರ್ ಲೋಡುಗಳ ಸಂಖ್ಯೆ, ಬಳಸಿದ ನಿಕಲ್ ಸಾಲ್ಟ್ ಹಾಗೂ ಸ್ಲಡ್ಜಿನ ತೂಕವನ್ನು ದಿನವೂ ಬರೆದಿಡಿ. ಎರಡನೆಯ ಟ್ಯಾಂಕ್ ಕೂರಿಸಿದ ಮೇಲೆ ಇನ್ನೊಂದು ತಿಂಗಳು ಬರೆಯಿರಿ. ಖರ್ಚಿನಲ್ಲಿ ಎಷ್ಟು ಮರಳಿತೆಂಬುದು ಆ ಎರಡು ಪುಟಗಳಲ್ಲಿ ಸಿಗುತ್ತದೆ.